ಆಲ್ವಿನ್ ಅಮ್ಮನಿಗೆ ಕಳಿಸಬೇಕಾದ ಕೊನೆಯ ವಾಯ್ಸ್ ಮೆಸೇಜ್

ನಂಬಲು ಆಗುತ್ತಿಲ್ಲ...
ಬೆಳಗ್ಗಿನಿಂದ ಅದೇ ಮೆಸೇಜನ್ನು ತೆಗೆದು ತೆಗೆದು ಓದುತ್ತಿದ್ದೇನೆ.
ಹೆಸರು ಸರಿ ಇದೆ. ಪಾಸ್‌ಪೋರ್ಟಿನ ಫೋಟೋ ಸರಿ ಇದೆ.
ಆದರೂ ಬೇರೆ ಯಾರೋ ಇರಬಹುದು ಅಂತ ಅನ್ನಿಸುತ್ತಲೇ ಇದೆ...

ನಮ್ಮ ಆಲ್ವಿನ್ ಹೋಗಿಬಿಟ್ಟ.

ದೋಹಾದ ಗೆಳೆಯರಿಗೆಲ್ಲ ಅವನು ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮಂಗಳೂರಿನವನು. ಹಮದ್ ಬಂದರಿನ ಶಿಪ್ಪಿಂಗ್ ಆಫೀಸಿನಲ್ಲಿ ನನ್ನ ಪಕ್ಕದ ಸೀಟು. ಅಲ್ ಹಿಲಾಲ್ ಏರಿಯಾದಲ್ಲಿ ನನ್ನ ರೂಮ್‌ಮೇಟ್.
ಮದುವೆ ಆಗಲಿಲ್ಲ. ಕೇಳಿದರೆ, "ಮೊದಲು ಮಾಚು ಪಿಚು, ಮತ್ತೆ ಹುಡುಗಿ" ಎನ್ನುತ್ತಿದ್ದ.

ಅದು ಪೆರು ದೇಶದ ಬೆಟ್ಟದ ಮೇಲೆ ಇಂಕಾ ಜನ ಕಟ್ಟಿದ ಹಳೇ ಕಲ್ಲಿನ ಊರು. ಅಲ್ಲಿಗೆ ರೈಲು ಇದೆ, ಬಸ್ಸಿದೆ. ಇವನಿಗೆ ಮಾತ್ರ ಆ ಜನ ನಡೆದ ದಾರಿಯಲ್ಲೇ ನಡೆದು ಹೋಗಬೇಕು...

ಕತಾರಿನಲ್ಲಿ ಬೆಟ್ಟ ಎಲ್ಲಿಂದ ತರುವುದು?
ಬ್ಯಾಗಿಗೆ ಅಕ್ಕಿ ಮೂಟೆ ತುಂಬಿಸಿ ಬಿಲ್ಡಿಂಗಿನ ಮೆಟ್ಟಿಲು ಹತ್ತುತ್ತಿದ್ದ, ಇಳಿಯುತ್ತಿದ್ದ.
ವಾಚ್‌ಮನ್ ಪಾಪ, "ಲಿಫ್ಟ್ ಖಲಾಸ್?" ಎಂದು ದಿನಾ ಕೇಳುತ್ತಿದ್ದ.
ನಾವು ನಕ್ಕು ನಕ್ಕು ಸುಸ್ತಾಗುತ್ತಿದ್ದೆವು.

ಎತ್ತರಕ್ಕೆ ಮೈ ಒಗ್ಗಲು ಅಲ್ಲಿ ಕೆಲವು ದಿನ ಸುಮ್ಮನೆ ಇರಬೇಕಂತೆ.
ಬಂದರಿನಲ್ಲಿ ನಮಗೆ ಈದ್ ರಜೆ ಸರದಿಯಂತೆ. ಇವನು ತನ್ನ ಸರದಿಯ ರಜೆಯಲ್ಲೇ ಎಲ್ಲಾ ಮುಗಿಸಲು ಹೊರಟ. ಊರಿಗೆ ಹೋಗುವ ಆನ್ಯುಯಲ್ ಲೀವ್ ಮುಟ್ಟಲಿಲ್ಲ.
"ಅದು ಮಾಂಯ್‌ದು ಮಾರಾಯ" ಎಂದ. ಮಾಂಯ್ ಎಂದರೆ ಅವನ ಅಮ್ಮ.
ಇಳಿದ ಮರುದಿನವೇ ನಡೆಯಲು ಶುರು...

ತಲೆನೋವು ಬಂತಂತೆ. ಆಮೇಲೆ ಉಸಿರು ಸಿಗಲಿಲ್ಲವಂತೆ.
ಗೈಡ್ ಅವನನ್ನು ಕೆಳಗೆ ಇಳಿಸುತ್ತಿದ್ದಾಗ ದಾರಿಯಲ್ಲೇ... ನೆಟ್‌ವರ್ಕ್ ಸಿಗುವ ಜಾಗಕ್ಕೆ ಅವರು ಬಂದು ನನಗೆ ತಿಳಿಸುವಾಗ ಇಲ್ಲಿ ಮರುದಿನ ಬೆಳಗಾಗಿತ್ತು.

ಆಲ್ವಿನ್... ಆ ಕಲ್ಲಿನ ಊರು ನಿನಗೆ ದೂರದಿಂದಲಾದರೂ ಕಂಡಿತೇನೋ?
ಗೈಡನ್ನು ಕೇಳಿದೆ. "ನೋ, ಸೆನ್ಯೋರ್" ಎಂದ. ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

ನೀನು ಮಾಡಿಟ್ಟು ಹೋದ ಕೆಲಸ ಏನು ಗೊತ್ತಾ?

ಗಲ್ಫಿನಲ್ಲಿರುವ ನಮಗೆಲ್ಲ ಒಂದು ಅಭ್ಯಾಸ. ಜ್ವರ ಬಂದರೆ, ಬಿಟ್ಟ ಮೇಲೆ ಮನೆಗೆ ಹೇಳುವುದು. ಕೆಲಸ ಹೋದರೆ, ಇನ್ನೊಂದು ಸಿಕ್ಕ ಮೇಲೆ ಹೇಳುವುದು.
ನೀನೂ ಹಾಗೇ... ಬೆಟ್ಟ ಹತ್ತಿ ಇಳಿದ ಮೇಲೆ ಮಾಂಯ್‌ಗೆ ಹೇಳಿದರಾಯಿತು ಎಂದೆ.
ದೋಹಾ ನಂಬರಿನ ಫೋನನ್ನು ನನ್ನ ಕೈಗೆ ಕೊಟ್ಟೆ. ಅದರಲ್ಲಿ ನೀನು ದಿನಕ್ಕೊಂದರಂತೆ ವಾಯ್ಸ್ ರೆಕಾರ್ಡ್ ಮಾಡಿಟ್ಟಿದ್ದೆ.
"ಸಂಜೆ ಡ್ಯೂಟಿ ಬಿಟ್ಟ ಮೇಲೆ ಒಂದೊಂದೇ ಮಾಂಯ್‌ಗೆ ಕಳಿಸು. ಬೇರೆ ಎಂತ ಸಾ ಮಾಡ್ಬೇಡ. ಯಲ್ಲಾ, ಬರ್ತೇನೆ."

ನಿನ್ನೆ ಸಂಜೆಯೂ ನಾನು ಒಂದು ಕಳಿಸಿದೆ ಆಲ್ವಿನ್.
ಬಂದರಿನಲ್ಲಿ ಬಿಸಿಲು ಜೋರು, ಮಧ್ಯಾಹ್ನ ಬಂಗುಡೆ ತಿಂದೆ, ನನ್ನ ಚಿಂತೆ ಮಾಡಬೇಡ ಎಂದು ನೀನು ಅದರಲ್ಲಿ ಕೊಂಕಣಿಯಲ್ಲಿ ಹೇಳಿದ್ದೆ. ಹಿಂದಿನಿಂದ ನನ್ನ ನಗು ಕೂಡ ಕೇಳುತ್ತದೆ.
ಆಗ ನೀನು ಇರಲಿಲ್ಲ. ನನಗೆ ಗೊತ್ತಿರಲಿಲ್ಲ...
"ತಲೆಗೆ ಟೊಪ್ಪಿ ಹಾಕು ಪುತಾ" ಎಂದು ಅಮ್ಮ ಉತ್ತರ ಕಳಿಸಿದ್ದರು.

ಇವತ್ತು ಮಧ್ಯಾಹ್ನ ನಿನ್ನ ಅಕ್ಕ ಗ್ರೇಸಿ ಅಮ್ಮನಿಗೆ ವಿಷಯ ಹೇಳಿದಳು.
ಅಮ್ಮ ನಂಬಲಿಲ್ಲ.
ಮನೆಗೆ ಬಂದ ಫಾದರ್‌ಗೆ, ಪಕ್ಕದ ಮನೆಯವರಿಗೆ, ಎಲ್ಲರಿಗೂ ಆ ಆಡಿಯೋ ಹಾಕಿ ಕೇಳಿಸಿದರಂತೆ. ಸತ್ತ ಮೇಲೆ ಯಾರಾದರೂ ಮಾತಾಡುತ್ತಾರಾ ಎಂದು ಕೇಳಿದರಂತೆ.
ಆಮೇಲೆ ನನಗೇ ಫೋನ್ ಬಂತು.

"ದಿನೇಶಾ, ನೀನು ಅವನ ರೂಮಿನವ ಅಲ್ವಾ? ಇವರಿಗೆಲ್ಲ ಸ್ವಲ್ಪ ಹೇಳು ಮಗಾ. ಅವನು ನಿನ್ನೆ ನನ್ನತ್ರ ಮಾತಾಡಿದ್ದಾನೆ. ಅವನಿಗೊಮ್ಮೆ ಫೋನ್ ಕೊಡು."

ನಾನು ಏನು ಮಾಡಲಿ ಹೇಳಿ...
ಇಲ್ಲಿಂದ ಅವರ ಕೈ ಹಿಡಿಯಲೂ ಆಗುವುದಿಲ್ಲ.
"ಅಮ್ಮಾ, ಅದು ಅವನು ಮೊದಲೇ ರೆಕಾರ್ಡ್ ಮಾಡಿಟ್ಟದ್ದು. ಕಳಿಸಿದ್ದು ನಾನು" ಎಂದೆ.
ನನ್ನ ಬಾಯಿಯಿಂದಲೇ ಅದನ್ನು ಹೇಳಬೇಕಾಯಿತು. ಬೇರೆ ಯಾರು ಹೇಳಿದ್ದರೂ ಅವರು ನಂಬುತ್ತಿರಲಿಲ್ಲ.

ಹಿಂದೆ ಯಾರೋ ಅಳುತ್ತಿದ್ದರು. ಅಮ್ಮ ಅಳಲಿಲ್ಲ.
ಆಮೇಲೆ ಮೆತ್ತಗೆ ಕೇಳಿದರು.
"ಇನ್ನು ಸಾ ಆಡಿಯೋ ಉಂಟಾ ಮಗಾ?"
"ಉಂಟಮ್ಮ... ಒಂದು."
"ಕಳಿಸು. ಈಗ ಬೇಡ. ದಿನಾ ಯಾವಾಗ ಕಳಿಸ್ತಿದ್ದಿಯೋ, ಆಗ್ಲೇ ಕಳಿಸು."

ಗೆಳೆಯರೇ, ಅವನನ್ನು ಊರಿಗೆ ತರುವುದು ಹೇಗೆ, ಯಾವಾಗ, ಇನ್ನೂ ಏನೂ ಗೊತ್ತಿಲ್ಲ. ಎಂಬೆಸಿಯಲ್ಲಿ ಯಾರಿಗಾದರೂ ಪರಿಚಯ ಇದ್ದರೆ ದಯವಿಟ್ಟು ಫೋನ್ ಮಾಡಿ.

ಈಗ ಸಂಜೆ ಆಗಿದೆ. ಆಫೀಸಿನ ಬಸ್ಸು ರೂಮಿನ ಹತ್ತಿರ ಬಿಟ್ಟು ಹೋಯಿತು. ನಾನಿನ್ನೂ ಮೇಲೆ ಹೋಗಿಲ್ಲ.
ಆ ಕೊನೆಯ ಆಡಿಯೋವನ್ನು ಒಮ್ಮೆ ಕೇಳಿದೆ. ಕೇಳಬಾರದಿತ್ತು...
ಹೆಚ್ಚೇನಿಲ್ಲ ಅದರಲ್ಲಿ. ಕೆಲಸದ ರಶ್ ಮುಗಿಯಿತು ಎನ್ನುತ್ತಾನೆ. ನಿನಗೊಂದು ದೊಡ್ಡ ಸುದ್ದಿ ಹೇಳಲಿಕ್ಕುಂಟು, ಬೈಯಬಾರದು ಎನ್ನುತ್ತಾನೆ.
ನಾಳೆ ವಿಡಿಯೋ ಕಾಲ್ ಮಾಡ್ತೇನೆ ಮಾಂಯ್, ಫೋನ್ ಹತ್ತಿರವೇ ಇಟ್ಟುಕೋ... ಅಷ್ಟೇ.

ಅಮ್ಮ ಕಾಯುತ್ತಿದ್ದಾರೆ. ಆನ್‌ಲೈನ್ ಎಂದು ತೋರಿಸುತ್ತಿದೆ.
ಕಳಿಸುತ್ತೇನೆ.

ಹೋಗಿ ಬಾ ಆಲ್ವಿನ್... ಹತ್ತುವುದು ಮುಗಿಯಿತು, ಇನ್ನು ನಿಧಾನಕ್ಕೆ ಉಸಿರಾಡು.
ದೇವರು ನಿನ್ನ ಆತ್ಮಕ್ಕೆ ನೆಮ್ಮದಿ ಕೊಡಲಿ. ನಾಳೆಯನ್ನು ದಾಟುವ ಶಕ್ತಿಯನ್ನು ಅಮ್ಮನಿಗೂ ಕೊಡಲಿ. 🙏