ಟವೆಲ್ಲಿನ ಕೆಳಗೆ ಏನಾಯಿತು ಎಂಬ ಚರ್ಚೆ

ಚುನಾವಣೆಗೆ ನಿಂತ ಮೇಲೆ ನನ್ನ ಗಂಡ ಯಾರು ಎಂಬುದನ್ನು ಟೀವಿಯವರು ನನಗೆ ಹೇಳಿಕೊಡತೊಡಗಿದರು. ಮದುವೆಯಾಗಿ ಇಷ್ಟು ವರ್ಷ ನಾನು ಅವರನ್ನು ಮಸ್ಕಿಯಲ್ಲಿ ಹಿಂಡಿ, ಹೊಟ್ಟು ಮಾರುವ ಅಂಗಡಿಯವರೆಂದೇ ತಿಳಿದಿದ್ದೆ. ಸಿಂಧನೂರಿನ ಕೇಬಲ್ ಚಾನೆಲ್ಲಿನ ಸಂಜೆಯ ಚರ್ಚೆ ನೋಡಿದರೆ ಅವರು ದಿನಕ್ಕೊಬ್ಬರಾಗಿದ್ದರು.

ಅವರ ರಾಜಕೀಯದಲ್ಲಿ ತಿಳಿಯದೇ ಇರುವಂಥದ್ದು ಏನೂ ಇರಲಿಲ್ಲ. ಸರ್ಕಾರ ರಸ್ತೆ ಮಾಡಲಿ, ಕಾಲುವೆಗೆ ನೀರು ಬಿಡಲಿ, ಕಳ್ಳರನ್ನು ಹಿಡಿಯಲಿ. ಉಳಿದದ್ದಕ್ಕೆ ಕೈ ಹಾಕದಿರಲಿ. ಚಹಾದಂಗಡಿ ಇಡಲು ಪರವಾನಗಿ ಯಾಕೆ, ತನ್ನ ಜಾಗದಲ್ಲಿ ಶೆಡ್ ಹಾಕಲು ಹತ್ತು ಕಚೇರಿ ತಿರುಗುವುದು ಯಾಕೆ ಎಂದು ಕೇಳುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಅದೇ ಬಾಯಲ್ಲಿ, ತಾನು ಗೆದ್ದರೆ ಯಾರಿಗೂ ಏನನ್ನೂ ಪುಕ್ಕಟೆ ಕೊಡುವುದಿಲ್ಲ ಎಂದೂ ಹೇಳುತ್ತಿದ್ದರು. ಓಟು ಕೇಳಲು ಹೋಗಿ ಹೀಗೆ ಮಾತಾಡುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಯಾವ ಪಕ್ಷವೂ ಟಿಕೆಟ್ ಕೊಡಲಿಲ್ಲ, ಇವರು ಕೇಳಲೂ ಇಲ್ಲ. ಪಕ್ಷೇತರರಾಗಿ ನಿಂತು ಊರೂರು ತಿರುಗಿದರು. ಎಲ್ಲಿ ಹೋದರೂ ಭಾಷಣದ ಕೊನೆಗೆ ಒಂದೇ ಮಾತು: “ಇಬ್ಬರು ಒಪ್ಪಿದ ಮ್ಯಾಲ ಮೂರನೇದಾವಂಗ ಅಲ್ಲೇನು ಕೆಲಸ?”

ಚರ್ಚೆಗೆ ಮೂರು ಜನ ಕಾಯಂ ಕೂಡುತ್ತಿದ್ದರು. ಲಿಂಗಸುಗೂರಿನ ನಿವೃತ್ತ ಲೆಕ್ಚರರ್ ಒಬ್ಬರು ನನ್ನ ಗಂಡನನ್ನು ದೊಡ್ಡ ಬಂಡವಾಳಗಾರರ ಏಜೆಂಟ್ ಎಂದರು. ಆ ಹೊತ್ತಿಗೆ ಏಜೆಂಟರು ಹಿತ್ತಲಲ್ಲಿ ಹರಿದ ಚೀಲಕ್ಕೆ ದಬ್ಬಣ ಹಾಕಿ ಹೊಲಿಯುತ್ತಿದ್ದರು. ಸಿಂಧನೂರಿನ ವಕೀಲರ ಪ್ರಕಾರ ಇವರು ಕಾನೂನನ್ನೇ ಒಪ್ಪದ ಅರಾಜಕತಾವಾದಿ. ಮೂರನೆಯವರು ಎಲ್ಲ ಪಕ್ಷಗಳ ನೀರು ಕುಡಿದು ಬಂದ ಹಳೇ ಪುಢಾರಿ. ಅವರು ಒಂದು ದಿನ ಇವರನ್ನು ಆ ಪಕ್ಷದ ಕೈಗೊಂಬೆ ಎಂದು, ಮರುದಿನ ಈ ಪಕ್ಷದ ಕೈಗೊಂಬೆ ಎಂದು ಸಾಧಿಸುತ್ತಿದ್ದರು. ನಿರೂಪಕ ಎಲ್ಲಿಂದಲೋ ‘ಲಿಬರ್ಟೇರಿಯನ್’ ಎಂಬ ಪದ ಹಿಡಿದುಕೊಂಡು ಬಂದ, ಸರ್ಕಾರದ ಕೈ ಕಡಿಮೆ ಇರಲಿ ಎನ್ನುವವರು ಎಂದು ಅದರ ಅರ್ಥವಂತೆ. ಕೆಳಗೆ ಅಕ್ಷರ ಬರೆಯುವವನು ಅದನ್ನು ‘ಸ್ವೇಚ್ಛಾಚಾರಿ’ ಎಂದು ಹಾಕಿಬಿಟ್ಟ. ಗುರುಗುಂಟಾದಿಂದ ನನ್ನ ತಮ್ಮ ಫೋನ್ ಮಾಡಿ, ಮನೆಯಲ್ಲಿ ಎಲ್ಲ ಸರಿ ಇದೆಯಲ್ಲವೇ ಎಂದು ಬಹಳ ನಾಜೂಕಾಗಿ ವಿಚಾರಿಸಿದ. ಚಾನೆಲ್ಲಿನವರ ಬಳಿ ಇವರದೊಂದೇ ಫೋಟೋ ಇತ್ತೆಂದು ಕಾಣುತ್ತದೆ, ಮಿರ್ಚಿ ಭಜಿಗೆ ಬಾಯಿ ತೆರೆದದ್ದು. ಏನೇ ಬೈದರೂ ಪಕ್ಕದಲ್ಲಿ ಆ ಬಾಯಿ ತೆರೆದೇ ಇರುತ್ತಿತ್ತು.

ಇದೆಲ್ಲ ನಮಗೆ ಮಜವಾಗಿಯೇ ಇತ್ತು. ನಾನು, ನನ್ನ ಅತ್ತೆ, ಬಿ.ಎಡ್ ಮುಗಿಸಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ಮಗಳು, ಮೂವರೂ ಶೇಂಗಾ ಸುಲಿಯುತ್ತ ಕೂತು ನೋಡುತ್ತಿದ್ದೆವು. ಮಜ ಮುಗಿದದ್ದು ಟವೆಲ್ಲಿನ ಸುದ್ದಿ ಬಂದಾಗ.

ಲಿಂಗಸುಗೂರಿನ ದನದ ಸಂತೆಗೆ ಇವರು ಪ್ರಚಾರಕ್ಕೆ ಹೋಗಿದ್ದರು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಡುವವರು, ಕೊಳ್ಳುವವರು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಅಮುಕಿ ಮಾತು ಮುಗಿಸುತ್ತಾರೆ. ಸುತ್ತ ನಿಂತವರು ಎಷ್ಟಕ್ಕಾಯಿತು ಎಂದು ಕೇಳುವುದಿಲ್ಲ. ಒಮ್ಮೆ ಕೈ ಅಮುಕಿ ಒಪ್ಪಿದ ಮೇಲೆ ಒಲ್ಲೆ ಎಂದವನಿಗೆ ಸಂತೆಯಲ್ಲಿ ಮರ್ಯಾದೆಯಿಲ್ಲ. ಇವರು ಒಬ್ಬರೊಡನೆ ಹಾಗೆ ಕೈ ಹಿಡಿದು ನಿಂತದ್ದನ್ನು ಯಾರೋ ಮೊಬೈಲಿನಲ್ಲಿ ತೆಗೆದು ಚಾನೆಲ್ಲಿಗೆ ಕಳಿಸಿದ್ದರು. ಅಂದಿನಿಂದ ಟವೆಲ್ಲಿಗೆ ಕೆಂಪು ವೃತ್ತ ಬಿತ್ತು. ಕಣದಿಂದ ಹಿಂದೆ ಸರಿಯಲು ಬೆಲೆ ಕಟ್ಟಿದ್ದಾರೆ ಎಂದರು ಪುಢಾರಿ. ಇದೇ ತೆರೆಮರೆಯ ಬಂಡವಾಳ ಎಂದರು ಲೆಕ್ಚರರ್. ಹುಟ್ಟಿದಾಗಿನಿಂದ ದನದ ಸಂತೆ ನೋಡಿದವರೇ ಹೀಗೆ ಮಾತಾಡುವುದು ಕಂಡು ನನಗೆ ಮೈ ಉರಿಯಿತು. ಎತ್ತಿನ ವ್ಯಾಪಾರವೂ ಗೊತ್ತಿಲ್ಲವೇ ಇವರಿಗೆ ಎಂದು ಬೈದೆ.

ಆಗ ಅತ್ತೆ ಕನ್ನಡಕ ಸರಿಮಾಡಿಕೊಂಡು ಟೀವಿಯ ಹತ್ತಿರ ಹೋದರು. “ಈ ಕೈ ಹಿಡದು ನಿಂತಾವರು ಸಿಂಧನೂರು ರೈಸ್ ಮಿಲ್ಲಿನವರಲ್ಲೇನು? ಅವರಿಗೆ ಎತ್ತು ಯಾಕ?”

ಮಿಲ್ಲಿನವರ ಬಳಿ ಒಂದು ಕರುವೂ ಇರಲಿಲ್ಲ. ಇದ್ದದ್ದು ಮದುವೆಗೆ ಬಂದ ಮಗ. ದೀಪಾವಳಿಗೆ ಅವರು ಹೆಂಡತಿ, ಮಗನೊಡನೆ ಬಂದು ನಮ್ಮಲ್ಲಿ ಚಹಾ ಕುಡಿದು, ಮಗಳನ್ನು ಸ್ವಲ್ಪ ಹೆಚ್ಚೇ ನೋಡಿ ಹೋಗಿದ್ದರು. ಊಟಕ್ಕೆ ಕೂತಿದ್ದ ನನ್ನ ಗಂಡ ತಲೆ ಎತ್ತದೆ ರೊಟ್ಟಿ ಮುರಿದರು. ಮುರಿದ ತುಂಡನ್ನೇ ಮತ್ತೆ ಮುರಿದರು. ಅಂದರೆ ಟೀವಿಯವರು ಹೇಳಿದ ಹಾಗೆ ಅಲ್ಲಿ ನಿಜವಾಗಿಯೂ ಒಳವ್ಯವಹಾರ ನಡೆದಿತ್ತು. ಎಷ್ಟು ತೊಲೆ ಬಂಗಾರ ಹಾಕುವುದು ಎಂಬುದು ಆ ಟವೆಲ್ಲಿನ ಕೆಳಗೆ ತೀರ್ಮಾನವಾಗಿತ್ತು. ತನ್ನ ಮದುವೆ ಗೊತ್ತಾದದ್ದನ್ನು ನನ್ನ ಮಗಳು ಕೇಬಲ್ ಸುದ್ದಿಯಲ್ಲಿ ನೋಡಿದಳು.

ಅವಳು ಅಳಲಿಲ್ಲ. ಶೇಂಗಾದ ಸಿಪ್ಪೆಯನ್ನು ಮಡಿಲಿನಿಂದ ಮೊರಕ್ಕೆ ಸುರಿದು ಅಪ್ಪನ ಎದುರು ಕೂತಳು.

“ಅಪ್ಪಾ, ಇಬ್ಬರು ಒಪ್ಪಿದ ಮ್ಯಾಲ ಮೂರನೇದಾವರಿಗೆ ಕೆಲಸ ಇಲ್ಲ ಅಂತೀಯಲ್ಲ. ಈ ಮದುವ್ಯಾಗ ಆ ಮೂರನೇದಾಕಿ ನಾನೇನು?”

ಅವರಿಗೆ ಸಿಟ್ಟು ಬಂತು. ಮಾತು ಕೊಟ್ಟಿದ್ದೇನೆ, ಒಳ್ಳೆಯ ಮನೆತನ, ಹುಡುಗನಿಗೆ ಯಾವ ಚಟವೂ ಇಲ್ಲ ಎಂದೆಲ್ಲ ಕೂಗಾಡಿದರು. ಹುಡುಗ ಕೆಟ್ಟವನೆಂದು ತಾನು ಹೇಳಿಲ್ಲ, ತನ್ನನ್ನು ಕೇಳಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ ಎಂದು ಅವಳು ಎದ್ದು ಹೋದಳು. ಅಪ್ಪ, ಮಗಳ ನಡುವೆ ಮಾತು ನಿಂತಿತು. ಇವರು ಪ್ರಚಾರಕ್ಕೇನೋ ಹೋಗುತ್ತಿದ್ದರು, ಆದರೆ ದಢೇಸುಗೂರಿನ ಕಡೆಯಿಂದ ಬಂದ ಗಿರಾಕಿಯೊಬ್ಬರು ಹೇಳಿದರು, ಭಾಷಣದಲ್ಲಿ ಆ ಕೊನೆಯ ಮಾತೇ ಬರುತ್ತಿಲ್ಲವಂತೆ. ನನಗೆ ಒಳಗೊಳಗೇ ಖುಷಿಯಾಯಿತು, ಹೆದರಿಕೆಯೂ ಆಯಿತು. ಇವರು ಹಟಕ್ಕೆ ಬಿದ್ದರೆ ಮಗಳ ಕತೆ ಮುಗಿಯಿತು ಎಂದು ನನಗೆ ಗೊತ್ತಿತ್ತು.

ಕಡೆಗೊಂದು ಮುಂಜಾನೆ ಅವಳು ಶಾಲೆಗೆ ಹೊರಟಾಗ ಇವರು ಬಾಗಿಲಲ್ಲಿ ನಿಂತು, ಗೋಡೆಯನ್ನು ನೋಡುತ್ತ, ನಿನಗೆ ಆ ಹುಡುಗ ಒಪ್ಪಿಗೆಯೇ ಎಂದು ಕೇಳಿದರು. ಅವಳು ಇಲ್ಲವೆಂದಳು. ಇವರು ಹೂಂ ಎಂದರು. ಅಂದೇ ಸಿಂಧನೂರಿಗೆ ಹೋಗಿ ಮಿಲ್ಲಿನವರಿಗೆ ಕೈಮುಗಿದು ಬಂದರಂತೆ. ಅವರು ಏನೆಂದರೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಅಲ್ಲಿಂದ ನೇರ ಚಾನೆಲ್ಲಿಗೆ. ಸಂಜೆ ನೋಡಿದರೆ ಇವರೇ ಟೀವಿಯಲ್ಲಿ, ಆ ಮೂವರ ನಡುವೆ. ನಿರೂಪಕ ಟವೆಲ್ಲಿನ ಕೆಳಗೆ ನಡೆದದ್ದೇನು ಎಂದು ಗುಡುಗಿದ.

“ಎತ್ತಿನ ವ್ಯಾಪಾರ ಅಲ್ರಿ, ಓಟಿನ ವ್ಯಾಪಾರನೂ ಅಲ್ಲ. ನನ್ನ ಮಗಳ ಮದುವಿ ಮಾತು. ಆಕಿನ್ನ ಕೇಳಿದ್ದಿಲ್ಲ, ತಪ್ಪು ನಂದು. ಈಗ ಕೇಳೀನಿ, ಒಲ್ಲೆ ಅಂದಾಳ. ಮಾತು ಮುರದೈತಿ.”

ಕೂಡಲೇ ಪುಢಾರಿ, ಮನೆಯಲ್ಲಿ ಮಗಳು ಹೇಳಿದಂತೆ ಕೇಳುವವರು ಕ್ಷೇತ್ರವನ್ನು ಹೇಗೆ ಆಳುತ್ತಾರೆ ಎಂದು ಶುರು ಮಾಡಿದರು. ಲೆಕ್ಚರರ್, ವಕೀಲರು ಇಬ್ಬರೂ ಅದಕ್ಕೆ ಹೌದೆಂದರು. ಅವರು ಮೂವರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಅದೇ ಮೊದಲು ಕಂಡದ್ದು. ಮಗಳು ತುಟಿ ಕಚ್ಚಿಕೊಂಡು ನೋಡುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳಲ್ಲಿ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದಿಲ್ಲ.

ಚುನಾವಣೆಯಲ್ಲಿ ಇವರು ಸೋತರು, ಅದನ್ನು ಹೇಳಬೇಕಾಗಿಯೇ ಇಲ್ಲ. ಫಲಿತಾಂಶದ ಮರುದಿನ ಮುಂಜಾನೆ ಚಹಾ ಕೊಡುವಾಗ ನಾನು ಸುಮ್ಮನಿರಲಾಗದೆ, ನನ್ನ ಮದುವೆಯ ಮಾತು ಎಲ್ಲಿ ಆಯಿತೋ, ಯಾರ ಕೈ ಯಾರ ಕೈಯಲ್ಲಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ ಎಂದೆ. ಇವರು ಚಹಾದ ಬಸಿ ಕೆಳಗಿಟ್ಟರು. ಅಂಗಳ ನೋಡುತ್ತ ಕೇಳಿದರು.

“ಆವಾಗ ನಿನ್ನ ಕೇಳಿದ್ರ ನೀ ಏನಂತಿದ್ದಿ?”

“ವಿಚಾರ ಮಾಡಿ ಹೇಳ್ತೀನ್ರಿ,” ಎಂದೆ.

ಆಮೇಲೆ ಎಷ್ಟೋ ಸಲ ಅವರು ಚಹಾ ಕುಡಿಯುತ್ತ ನನ್ನ ಮುಖ ನೋಡಿದ್ದಾರೆ. ನಾನಿನ್ನೂ ಹೇಳಿಲ್ಲ.