ಹೀರಾಬಾಯಿ ಬೈದ ದಿನ

ಹೀರಾಬಾಯಿಗೆ ಸಮುದ್ರ ನೋಡುವ ಆಸೆ ಯಾವತ್ತೂ ಇರಲಿಲ್ಲ. ಔರಾದ ತಾಲ್ಲೂಕಿನ ಠಾಣಾ ಕುಶನೂರದಲ್ಲಿ ಬಾಳುವೆ ಮಾಡಿದ ಹೆಂಗಸು; ತೊಗರಿ ಹೂಬಿಡುವ ಹೊತ್ತಿಗೆ ಒಂದು ಹದ ಮಳೆ ಬಿದ್ದರೆ ಆಕೆಗೆ ಬೇರೆ ನೀರಿನ ಹಂಗೇ ಇಲ್ಲ. ಹೀಗಿರುವಾಗ ಮಗಳು ಸಿದ್ದೇಶ್ವರಿ ಬೀದರಿನಿಂದ ಫೋನ್ ಮಾಡಿ, "ಅವ್ವಾ, ಮುಂಬೈಯಿಂದ ಹಡಗಿನ್ಯಾಗ ಗೋವಾಕ ಹೋಗಿ ಬರೂಣು. ನಿನಗೂ ಅಪ್ಪಗೂ ಟಿಕೆಟ್ ತೆಗಸೀನಿ" ಅಂದಳು. ಹೀರಾಬಾಯಿ ಕೇಳಿದ್ದು ಒಂದೇ ಪ್ರಶ್ನೆ.

"ಹಡಗ ನಡುವ ಎಲ್ಲೆರ ನಿಂದರ್ತದೇನು?"

"ಎರಡನೇ ದಿನ ಎಲ್ಲೂ ನಿಂದರಂಗಿಲ್ಲ. ಮುಂಜಾನಿಂದ ಸಂಜಿ ತನಕ ಬರೇ ನೀರು. ಯಾಕ, ಹೆದರಿಕಿ ಆಗ್ತದೇನು?"

"ಹೆದರಿಕಿ ಯಾಕ. ಬರ್ತೇವಿ," ಅಂದಳು ಹೀರಾಬಾಯಿ.

ಆಕೆಯ ಕಣ್ಣು ಆ ಎರಡನೇ ದಿನದ ಮೇಲೆ. ಗಂಡ ಧೊಂಡಿಬಾನ ಕೈಹಿಡಿದು ನಲವತ್ತು ವರ್ಷವಾಗಿತ್ತು, ಆದರೆ ಆ ಮನುಷ್ಯ ಒಂದೇ ಒಂದು ದಿನ ಪೂರ್ತಿಯಾಗಿ ಆಕೆಯ ಪಕ್ಕದಲ್ಲಿ ಕೂತದ್ದಿಲ್ಲ. ಸಾಯುವುದರೊಳಗೆ ಅಂಥದ್ದೊಂದು ದಿನ ಬೇಕು ಎಂದು ಹೀರಾಬಾಯಿ ಮನಸ್ಸಿನಲ್ಲೇ ಪಟ್ಟು ಹಿಡಿದಿದ್ದಳು. ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ, ಇಂಥದ್ದನ್ನೆಲ್ಲ ಹೇಳಿಕೊಳ್ಳುವ ಜಾಯಮಾನ ಆಕೆಯದಲ್ಲ.

ಧೊಂಡಿಬಾ ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಏರುದನಿಯಲ್ಲಿ ಮಾತಾಡಿದ್ದನ್ನು ಊರವರು ಕೇಳಿಲ್ಲ. ಆದರೆ ಆತ ಕುರಿಗಾರ. ವರ್ಷದ ಏಳೆಂಟು ತಿಂಗಳು ಹಿಂಡಿನ ಹಿಂದೆ ನಾರಾಯಣಖೇಡ, ಬಾನ್ಸವಾಡಾ ಅಂತ ತೆಲಂಗಾಣದ ಹೊಲಗಳಲ್ಲೇ ಇರುತ್ತಿದ್ದ. ಒಬ್ಬರ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಅವರ ನೆಲಕ್ಕೆ ಗೊಬ್ಬರ, ಇವರಿಗೆ ಜೋಳ. ಬೆಳಗಾದರೆ ಮುಂದಿನ ಊರು. ಇತ್ತ ಹೊಲ, ಮನೆ, ಮಗಳ ಸಾಲಿ, ಅತ್ತೆಯ ದಮ್ಮು ಎಲ್ಲ ಹೀರಾಬಾಯಿಯ ಪಾಲು. ಸಿದ್ದೇಶ್ವರಿ ಹುಟ್ಟಿದಾಗ ತಂದೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಕೂಸು ನಗಲು ಕಲಿತಿತ್ತು.

ಎರಡು ವರ್ಷದ ಹಿಂದೆ ಆತ ಹಿಂಡನ್ನು ತಮ್ಮ ಹಣಮಂತನಿಗೆ ಒಪ್ಪಿಸಿದಾಗ ಹೀರಾಬಾಯಿ ಒಳಗೊಳಗೇ ಹಿಗ್ಗಿದ್ದಳು. ಇನ್ನಾದರೂ ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯಬಹುದು ಅಂದುಕೊಂಡಿದ್ದಳು. ಎಲ್ಲಿಯ ಕಟ್ಟೆ, ಎಲ್ಲಿಯ ಚಹಾ. ಮುದುಕ ಕೋಳಿ ಕೂಗುವ ಮೊದಲೇ ಕಂಬಳಿ ಹೆಗಲಿಗೆ ಹಾಕಿ ಹೊರಟುಬಿಡುತ್ತಿದ್ದ. ತಮ್ಮನ ಕುರಿಯಾಗಲಿ, ಓಣಿಯವರ ಆಡಾಗಲಿ, ಹಿಂದೆ ಬಿದ್ದು ನಡೆಯುವುದಕ್ಕೆ ನಾಲ್ಕು ಕಾಲಿನದೊಂದು ಸಿಕ್ಕರೆ ಸಾಕು. ದೀಪ ಹಚ್ಚುವ ಹೊತ್ತಿಗೆ ಬಂದು, ಉಂಡು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಹಡಗಿನಲ್ಲಿ ಕುರಿ ಇಲ್ಲ, ಆಡಿಲ್ಲ, ಇಳಿದು ಹೋಗಲು ನೆಲವೇ ಇಲ್ಲ. ಅಲ್ಲಿ ಎಲ್ಲಿಗೆ ಓಡುತ್ತಾನೆ ನೋಡೇಬಿಡುವಾ ಅಂತ ಆಕೆ ಹೊಸ ಸೀರೆ ಮಡಿಚಿಟ್ಟುಕೊಂಡು ಹೊರಟಳು.

ಮೊದಲ ದಿನ ಹಡಗು ಹತ್ತುತ್ತಲೇ ಅಲ್ಲಿಯ ಕೆಲಸದವರು ಎಲ್ಲರನ್ನೂ ಒಂದು ಕಡೆ ಕೂಡಿಸಿ, ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ತೋರಿಸಿ, ತಲೆ ಎಣಿಸಿಯೇ ಬಿಟ್ಟರು. ಇವರ ಕಡೆಯವರು ಐದು ಮಂದಿ: ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸಿದ್ದೇಶ್ವರಿ, ಕಾಲೇಜಿನಲ್ಲಿ ಪಾಠ ಹೇಳುವ ಅಳಿಯ ಅಮೋಲ್, ಒಂಬತ್ತು ವರ್ಷದ ಮೊಮ್ಮಗಳು ಉಮಾಶ್ರೀ, ಮತ್ತೆ ಈ ಇಬ್ಬರು. ಧೊಂಡಿಬಾನಿಗೆ ಇಡೀ ಹಡಗಿನಲ್ಲಿ ಮನಸ್ಸಿಗೆ ಬಂದದ್ದು ಅದೊಂದೇ. "ಇವರಿಗಿ ಕೆಲಸ ಗೊತ್ತದ. ದಿನಾ ತಲಿ ಎಣಸಲಾರದಂವ ಏನ್ ಕಾಯ್ತಾನ," ಅಂತ ಅಳಿಯನ ಮುಂದೆ ಎರಡು ಸಲ ಹೇಳಿದ. ಅಮೋಲ್ ಪಾಪ, ಹೂಂ ಅಂದ.

ಎರಡನೆಯ ದಿನ ಬೆಳಗಾಯಿತು. ಹೀರಾಬಾಯಿ ಎದ್ದು ನೋಡಿದರೆ ಪಕ್ಕದ ಹಾಸಿಗೆ ಖಾಲಿ. ಕಂಬಳಿಯೂ ಇಲ್ಲ.

ಆಕೆಗೆ ಮೈಯೆಲ್ಲ ಉರಿದುಹೋಯಿತು. ಸುತ್ತ ನೂರಾರು ಮೈಲಿ ನೀರಿದ್ದರೂ ಈ ಮನುಷ್ಯನಿಗೆ ಹೋಗುವುದಕ್ಕೆ ಜಾಗ ಸಿಕ್ಕಿತಲ್ಲ ಅಂತ ಹಲ್ಲು ಕಡಿದುಕೊಂಡೇ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಪಕ್ಕದ ಕೋಣೆಯ ಬಾಗಿಲು ಬಡಿದಳು. ಉಮಾಶ್ರೀ ಆಕೆಯ ಕೈಹಿಡಿದು ಲಿಫ್ಟಿನಲ್ಲಿ ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ ಕರೆದುಕೊಂಡು ಹೋದಳು. ಊಟದ ಹಾಲಿನಲ್ಲಿ ಇಲ್ಲ, ಈಜುಕೊಳದ ಹತ್ತಿರ ಇಲ್ಲ. ಕೊನೆಗೆ ಎಲ್ಲಕ್ಕಿಂತ ಮೇಲಿನ ಅಂತಸ್ತಿಗೆ ಬಂದಾಗ ಹುಡುಗಿ ಬೆರಳು ಮಾಡಿದಳು.

"ಆಯಿ, ನೋಡಲ್ಲಿ, ಮುತ್ಯಾ."

ಅಲ್ಲಿ ಹಡಗಿನ ಅಂಚಿಗುಂಟ ನಡೆಯುವವರಿಗಾಗಿ ಹಸಿರು ಬಣ್ಣ ಬಳಿದ ಒಂದು ದಾರಿ ಮಾಡಿದ್ದರು. ಗುಂಡಗೆ ಸುತ್ತಿ ಹೊರಟಲ್ಲಿಗೇ ಬರುವ ದಾರಿ. ಬೂಟು ಹಾಕಿಕೊಂಡ ನಾಲ್ಕು ಮಂದಿ ಅದರ ಮೇಲೆ ಓಡುತ್ತಿದ್ದರು. ಅವರ ಹಿಂದೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಯಾವ ಅವಸರವೂ ಇಲ್ಲದೆ ಧೊಂಡಿಬಾ ನಡೆಯುತ್ತಿದ್ದ. ಐದು ಗಂಟೆಯಿಂದ ನಡೆಯುತ್ತಲೇ ಇದ್ದಾನೆಂದು ಅಲ್ಲಿ ನೆಲ ಒರೆಸುತ್ತಿದ್ದವನು ಹಿಂದಿಯಲ್ಲಿ ಹೇಳಿದ.

ಹೀರಾಬಾಯಿ ಮೊಮ್ಮಗಳನ್ನು ಕೆಳಗೆ ಕಳಿಸಿ, ದಾರಿಯ ಪಕ್ಕದಲ್ಲಿದ್ದ ಉದ್ದ ಕುರ್ಚಿಯ ಮೇಲೆ ಕೂತಳು. ಇಂದು ಸೋಲುವವಳಲ್ಲ ಆಕೆ.

ಧೊಂಡಿಬಾ ಸುತ್ತು ಹಾಕಿ ಎದುರಿಗೆ ಬಂದ. "ಎದ್ದೇನು?" ಅಂದ. ಹಾಗೇ ಮುಂದೆ ಹೋದ.

ಮತ್ತೆ ಬಂದ. "ಚಾ ಕುಡದಿ?" ಉತ್ತರ ಕೇಳುವಷ್ಟು ಪುರಸೊತ್ತೂ ಇಲ್ಲ, ಹೋದ.

ಮತ್ತೆ ಬಂದ. "ಗಾಳಿ ಭಾಳ ಅದ. ತಲಿಮ್ಯಾಲ ಸೆರಗ ಹೊದ್ಕೊ." ಹೋಗೇಬಿಟ್ಟ.

ಆತ ಹೋಗುವ ಬೆನ್ನನ್ನು ನೋಡುತ್ತಾ ಕೂತ ಹೀರಾಬಾಯಿಗೆ ಆ ಹಳೆಯ ಒಂಬತ್ತು ದಿನ ನೆನಪಾಯಿತು. ನೆನಪಾಯಿತು ಅನ್ನುವುದೇ ತಪ್ಪು, ಆಕೆ ಅದನ್ನು ಮರೆತದ್ದೇ ಯಾವಾಗ.

ಕಿಲ್ಲಾರಿಯ ಭೂಕಂಪ ಆದ ವರ್ಷ. ಸಿದ್ದೇಶ್ವರಿಗೆ ಆಗ ಮೂರು ವರ್ಷ. ನಸುಕಿನಲ್ಲಿ ನೆಲ ಅಲುಗಿ ಅವರ ಮನೆಯ ಹಿಂದಿನ ಮಣ್ಣಿನ ಗೋಡೆ ಕುಸಿಯಿತು. ಮಗು ಮಲಗಿದ್ದ ಮೂಲೆಯೇ ಮುಚ್ಚಿಹೋಯಿತು. ಹೀರಾಬಾಯಿ ಬರಿಗೈಯಲ್ಲಿ ಮಣ್ಣು ಬಗೆದು ಮಗಳನ್ನು ಎಳೆದುಕೊಂಡಳು. ಎಳೆಯುವಾಗ ಮೇಲಿನ ತೊಲೆ ಜಾರಿ ಎಡಗೈ ಮುರಿಯಿತು, ಆ ಕೈ ಇವತ್ತಿಗೂ ನೆಟ್ಟಗಾಗಿಲ್ಲ. ಧೊಂಡಿಬಾ ಆಗ ಬಾನ್ಸವಾಡಾದ ಹತ್ತಿರ ಇದ್ದ. ಅದೇ ದಿನ ಮಧ್ಯಾಹ್ನ ಚಹಾದಂಗಡಿಯ ರೇಡಿಯೊದಲ್ಲಿ ಸುದ್ದಿ ಕೇಳಿದ. ಬಸ್ ಹತ್ತಿದ್ದರೆ ಕತ್ತಲಾಗುವುದರೊಳಗೆ ಮನೆ. ಹಿಂಡು ನೋಡಿಕೊಳ್ಳುವುದಕ್ಕೆ ಜೊತೆಗಾರನೂ ಇದ್ದ. ಆದರೆ ಆತ ಬಂದದ್ದು ಒಂಬತ್ತನೆಯ ದಿನ. ಕುರಿಗಳ ಜೊತೆ, ಕುರಿಗಳ ನಡಿಗೆಯಲ್ಲಿ, ದಾರಿಯುದ್ದಕ್ಕೂ ಅವನ್ನು ಮೇಯಿಸುತ್ತಾ ಬಂದಿದ್ದ.

ಹೀರಾಬಾಯಿ ಆ ದಿನ ತುಟಿ ಬಿಚ್ಚಲಿಲ್ಲ. ಒಂದೇ ಕೈಯಲ್ಲಿ ರೊಟ್ಟಿ ಬಡಿದು ನೀಡಿದಳು. ಕುರಿಗಿಂತ ನಾನು ಕಡಿಮೆ ಎಂದು ಗೊತ್ತಾದ ಮೇಲೆ ಬೈದು ಏನು ಉಪಯೋಗ, ಬೈದರೆ ಅದನ್ನು ನಾನೇ ಒಪ್ಪಿಕೊಂಡ ಹಾಗಾಗುತ್ತದೆ ಎಂಬ ಹಟ ಆಕೆಗೆ. ಮೂವತ್ತು ವರ್ಷ ಆ ಹಟವನ್ನು ಹೊತ್ತು ತಿರುಗಿದಳು. ಊರವರು, ಹೀರಾಬಾಯಿ ಎಷ್ಟು ತಾಳ್ಮೆಯ ಹೆಂಗಸು ಅಂದರು. ತಾಳ್ಮೆಯಂತೆ ತಾಳ್ಮೆ.

ಅಷ್ಟರಲ್ಲಿ ಸಿದ್ದೇಶ್ವರಿ ಬಂದಳು. ಹಿಂದೆ ಚಡ್ಡಿ ಹಾಕಿಕೊಂಡ ಅಮೋಲ್ ಅತ್ತೆಯ ಎದುರು ಬರಲು ನಾಚಿ ಕಂಬದ ಮರೆಯಲ್ಲಿ ನಿಂತ.

"ಅವ್ವಾ, ನಾಷ್ಟಾ ಮಾಡ್ಲಾಕ ಬಾ. ಇಲ್ಲೇನ್ ಒಬ್ಬಾಕಿನೇ ಕೂತಿ?"

"ನೀವು ನಡೀರಿ. ನಂದು ಇಲ್ಲಿ ಕೆಲಸ ಅದ."

"ಹಡಗಿನ್ಯಾಗ ನಿಂದೇನ್ ಕೆಲಸ? ಆರಾಮ್ ಇರು ಅಂತ ಕರಕೊಂಡ್ ಬಂದೀನಿ."

"ಆರಾಮೇ ಇದ್ದೀನಿ, ಹೋಗು," ಅಂದಳು ಹೀರಾಬಾಯಿ. ಆ ದನಿ ಕೇಳಿ ಮಗಳು ಗಂಡನನ್ನು ಕರೆದುಕೊಂಡು ಸುಮ್ಮನೆ ಇಳಿದುಹೋದಳು.

ಧೊಂಡಿಬಾ ಮತ್ತೆ ಸುತ್ತು ಮುಗಿಸಿ ಬರುತ್ತಿದ್ದ. ಈ ಸಲ ಹೀರಾಬಾಯಿ ಎದ್ದು ಹೋಗಿ ಹಸಿರು ದಾರಿಯ ನಟ್ಟನಡುವೆ ನಿಂತಳು. ಓಡುವವರು ಆಕೆಯನ್ನು ಬಳಸಿಕೊಂಡು ಹೋದರು. ಧೊಂಡಿಬಾ ಬಳಸಿ ಹೋಗಲಾರದೆ ನಿಂತ.

"ಸಿದ್ದಿ ಅಪ್ಪ, ಕೂಡ್ರಿ."

"ಇನ್ನೊಂದ್ ಸುತ್ತ ಹೊಡದ್ ಬರ್ತೇನಿ."

"ಒಂದೂ ಇಲ್ಲ, ಅರ್ಧಾನೂ ಇಲ್ಲ. ನಲವತ್ತ ವರ್ಷದಿಂದ ನೋಡ್ಲತ್ತೀನಿ. ನನ್ನ ಮಾರಿ ಕಂಡ್ರ ಓಡ್ತೀರಿ. ನಾ ಏನ್ ತೋಳ ಇದ್ದೀನೇನು?"

ಧೊಂಡಿಬಾ ಕುರ್ಚಿಯ ತುದಿಯಲ್ಲಿ ಕೂತ. ಕಂಬಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡ, ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಎದುರಿಗೆ ನೀರು ಬಿಟ್ಟರೆ ನೋಡಲು ಏನೂ ಇರಲಿಲ್ಲ. ಹೀರಾಬಾಯಿ ಪಕ್ಕದಲ್ಲಿ ಕೂತಳು. ಬಯಸಿ ಬಯಸಿ ಸಿಕ್ಕ ದಿನ ಕೈಗೆ ಬಂದಿತ್ತು, ಏನು ಮಾತಾಡಬೇಕೆಂದು ಮಾತ್ರ ಆಕೆಗೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆತ ಏಳುವುದಕ್ಕೆ ನೋಡಿದ. ಆಕೆ ಕಂಬಳಿಯ ತುದಿ ಹಿಡಿದುಕೊಂಡಳು.

"ಯಾಕ? ಇದೊಂದ್ ಹೇಳ್ರಿ. ಯಾಕ ಕೂಡಂಗಿಲ್ಲ ನೀವು ನನ್ನ ಬಾಜೂಕ?"

 ಧೊಂಡಿಬಾ ನೀರಿನ ಕಡೆಗೇ ಮುಖ ಮಾಡಿ ಹೇಳಿದ.

"ಅವತ್ತ ನೀ ಬೈಲಿಲ್ಲ."

"ಯಾವತ್ತ?"

"ಗ್ವಾಡಿ ಬಿದ್ದಾಗ. ನಾ ಒಂಬತ್ ದಿನಕ್ಕ ಬಂದೆ. ನೀ ರೊಟ್ಟಿ ನೀಡದಿ. ಬೈತೀ, ಬೈತೀ ಅಂತ ಕಾಯ್ದೆ. ನೀ ಬೈಲಿಲ್ಲ. ಆಮ್ಯಾಲ ನಿನ್ನ ಮುಂದ ಕೂಡ್ಲಾಕ ನನಗ ಆಗಲೇ ಇಲ್ಲ. ಮನ್ಯಾಗ ಬಂದ್ರ ಆ ಕೈ ಕಾಣತದ. ಹಿಂಡಿನ ಹಿಂದ ಹೋದ್ರ ಕಾಣಂಗಿಲ್ಲ."

ಹೀರಾಬಾಯಿ ಕಂಬಳಿಯ ತುದಿ ಬಿಡಲಿಲ್ಲ. "ಕುರಿ ದೊಡ್ಡವಾದ್ವು ನಿಮಗ. ಬಸ್ ಇರಲಿಲ್ಲೇನು?"

"ಇತ್ತು. ಬಸ್ಟ್ಯಾಂಡಿಗಿ ಹೋಗಿದ್ದೆ. ಔರಾದ ಬಸ್ ನಿಂತಿತ್ತು. ಹತ್ತಲಿಲ್ಲ." ಆತ ಕಂಬಳಿಯ ಇನ್ನೊಂದು ತುದಿ ಮಡಿಚಿದ. "ಹತ್ತಿದ್ರ ಸಂಜಿಗಿ ಗೊತ್ತಾಗ್ತಿತ್ತು, ನೀ ಇದ್ದಿ ಏನು ಹೋದಿ ಅಂತ. ಅದು ಗೊತ್ತ ಮಾಡ್ಕೊಳ್ಳಾಕ ನನಗ ಹೆದರಿಕಿ ಆಯ್ತು. ಕುರಿ ಹೊಡ್ಕೊಂಡ್ ಬಂದ್ರ ಒಂಬತ್ ದಿನ ಆಗ್ತದ. ಅಲ್ಲಿ ತನಕ ನೀ ಇದ್ದಂಗೇ. ಕುರಿ ಮ್ಯಾಲ ಜೀವ ಇದ್ದು ಬರಲಿಲ್ಲ ನಾ. ಅವೇನ್, ನೆಪ."

ಹೀರಾಬಾಯಿ ಆತನನ್ನೇ ನೋಡಿದಳು. ಮೂವತ್ತು ವರ್ಷ ಆಕೆ ಕುರಿಗಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು, ಮೂಕ ಪ್ರಾಣಿಗಳ ಮೇಲೆ. ಅಳು ಬಂತು, ಸಿಟ್ಟು ಬಂತು, ಯಾವುದು ಮೊದಲು ಬಂತೆಂದು ಹೇಳುವುದು ಕಷ್ಟ. ಕೊನೆಗೆ ಸಿಟ್ಟೇ ಗೆದ್ದಿತು.

"ಹುಚ್ಚ ಮುದುಕಾ," ಅಂದಳು. ರೀ ಅನ್ನುವುದು ಅಲ್ಲಿಗೆ ಹೋಯಿತು. "ನಿನಗ ಹೆದರಿಕಿ ಆಯ್ತು, ನನಗ ಆಗಿಲ್ಲೇನು? ಮೊದಲನೇ ದಿನ ಏನಾಯ್ತು ಗೊತ್ತದೇನ್ ನಿನಗ? ಕೇಳು. ಕೈ ಹಿಂಗ ಜೋತಾಡ್ಲತ್ತಿತ್ತು. ಕೂಸಿನ ಬಾಯಾಗ ಮಣ್ಣ. ಅದನ್ನ ತೊಳಿಲಾಕ ನೀರಿಲ್ಲ, ಗಡಿಗಿ ಒಡದು ಹೋಗಿತ್ತು. ನೀ ಎಲ್ಲಿ ಇದ್ದಿ?"

"ಬಾನ್ಸವಾಡಾದಾಗ."

"ಸುಮ್ಕ ಕೂಡು, ನಾ ಕೇಳಿಲ್ಲ ನಿನಗ."

ಧೊಂಡಿಬಾ ಸುಮ್ಮನೆ ಕೂತ. ಹೀರಾಬಾಯಿ ಬೈದಳು. ಎರಡನೆಯ ದಿನ ಹಣಮಂತ ಆಕೆಯನ್ನು ಬಂಡಿಯಲ್ಲಿ ಔರಾದದ ಆಸ್ಪತ್ರೆಗೆ ಕರೆದೊಯ್ದದ್ದು, ಬಾನ್ಸವಾಡಾ ಕಡೆಯಿಂದ ಬಂದ ಒಂದೊಂದು ಬಸ್ಸಿನಿಂದಲೂ ಯಾರು ಇಳಿಯುತ್ತಾರೆಂದು ಕತ್ತು ಉದ್ದ ಮಾಡಿ ನೋಡಿದ್ದು, ಅದಕ್ಕೊಂದು ಬೈಗುಳ. ಮೂರನೆಯ ದಿನ ಮಳೆ ಬಂದು, ಉಳಿದ ಜೋಳವೂ ನೆಂದು, ಮಗು ಕೊರಳು ಬಿಡದೆ ಅತ್ತದ್ದು, ಅದಕ್ಕೆ ಎರಡು. ಮೂವತ್ತು ವರ್ಷ ಒಳಗೆ ಕೂತಿದ್ದ ಮಾತುಗಳು ಒಂದನ್ನೊಂದು ತಳ್ಳಿಕೊಂಡು ಬಂದವು. ಬಿಸಿಲೇರಿತು. ಓಡುವವರು ಓಡಿ ದಣಿದು ಹೋದರು. ಧೊಂಡಿಬಾ ತಲೆ ತಗ್ಗಿಸಿ, ಒಂದೊಂದಕ್ಕೂ ಹೂಂ ಅನ್ನುತ್ತಾ, ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಸರಿಯಾಗಿ ಕೂತಿದ್ದ. ಹೀರಾಬಾಯಿಗೆ ಅದನ್ನು ಗಮನಿಸುವಷ್ಟು ವ್ಯವಧಾನ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಸಿದ್ದೇಶ್ವರಿ ಮೆಟ್ಟಿಲ ಹತ್ತಿರವೇ ನಿಂತುಬಿಟ್ಟಳು. ಅವ್ವ ಕೈ ಆಡಿಸಿ ಆಡಿಸಿ ಬೈಯುತ್ತಿದ್ದಳು. ಅವ್ವ ಅಪ್ಪನಿಗೆ ಬೈದದ್ದನ್ನು ಮಗಳು ಹುಟ್ಟಿದಾಗಿನಿಂದ ಕೇಳಿರಲೇ ಇಲ್ಲ. ಅಪ್ಪನ ಗಡ್ಡ ಒದ್ದೆಯಾಗಿತ್ತು. ಸಿದ್ದೇಶ್ವರಿ ಗಾಬರಿಯಾಗಿ ಓಡಿಬಂದು ನಡುವೆ ನಿಂತಳು.

"ಅವ್ವಾ, ಏನಾಯ್ತು? ಅಪ್ಪಗ ಯಾಕ ಹಿಂಗ ಬೈಲತ್ತಿ? ಏಳ್ ಅಪ್ಪಾ, ನೀ ನನ್ನ ಸಂಗಟ ಬಾ, ಊಟಾ ಮಾಡು."

ಆಕೆ ತೋಳು ಹಿಡಿದು ಎಬ್ಬಿಸಲು ನೋಡಿದಳು. ಧೊಂಡಿಬಾ ಆ ಕೈಯನ್ನು ಮೆಲ್ಲಗೆ ಬಿಡಿಸಿದ.

"ನೀವು ಉಣ್ಣಹೋಗ್ರಿ ಸಿದ್ದಿ," ಅಂದ. "ನಿಮ್ಮವ್ವ ಇನ್ನ ನಾಕನೇ ದಿನದಾಗ ಇದ್ದಾಳ. ಒಂಬತ್ ಆಗೋ ತನಕ ನಾ ಇಲ್ಲಿಂದ ಏಳಂಗಿಲ್ಲ."