ತಿಥಿಯಿಲ್ಲದ ಮಗು

ಆ ಭಾನುವಾರ ಬೆಳಿಗ್ಗೆ ಯಲಹಂಕದ ಮನೆಯಲ್ಲಿ ಹಾಲು ಕಾಯಿಸಿ, ಬಾಗಿಲಿಗೆ ನೀರು ಹಾಕಿ, ರಾತ್ರಿ ನೆನೆಸಿದ್ದ ಅವರೆಕಾಳು ಹಿಚುಕುತ್ತ ಕೂತಿದ್ದೆ. ಅಣ್ಣ ಊಟಕ್ಕೆ ಬರುವವನಿದ್ದ. ಅತ್ತಿಗೆ ಕೆಲವು ವರ್ಷಗಳ ಹಿಂದೆ ಹೆರಿಗೆಯಲ್ಲಿ ಹೋಗಿದ್ದಳು. ಆಗ ಹುಟ್ಟಿದ ಮಗಳೂ ಹಲ್ಲು ಮೂಡುವ ಮೊದಲೇ ಹೋಗಿದ್ದಳು. ಅತ್ತಿಗೆಗೆ ವರ್ಷಕ್ಕೊಮ್ಮೆ ತಿಥಿ ನಡೆಯುತ್ತಿತ್ತು. ಅಷ್ಟು ಎಳೆಯ ಮಗುವಿಗೆ ಶ್ರಾದ್ಧವಿಲ್ಲ, ಹೂಳಿ ಬಂದರೆ ಮುಗಿಯಿತು ಎಂದಿದ್ದರು ಪುರೋಹಿತರು. ಅಣ್ಣನಿಗೆ ಮುಗಿದಿರಲಿಲ್ಲ.

ಅವನು ಕೆಲಸ ಮಾಡುವ ಯಶವಂತಪುರದ ಕಾರ್ಖಾನೆಗೆ ಬಂದಿದ್ದ ಅಮೆರಿಕದ ಎಂಜಿನಿಯರೊಬ್ಬರು ಊರಿಗೆ ಹೊರಡುವಾಗ ಮಾರ್ಮನ್ನರು ಎಂಬ ಅಲ್ಲಿನ ಕ್ರೈಸ್ತ ಪಂಥದವರ ಧರ್ಮಗ್ರಂಥ ಕೊಟ್ಟುಹೋಗಿದ್ದರು. ಅದರ ಇಂಗ್ಲಿಷು ನಾನು ಓದಿದ ಕಾನ್ವೆಂಟಿನ ಪ್ರಾರ್ಥನೆಗಳಂತೆ ಹಳೇ ಧಾಟಿಯದು. ಕಷ್ಟದ ಮಾತುಗಳಿಗೆ ನಾನೇ ಅರ್ಥ ಹೇಳಿದ್ದೆ. ಎಳೆಯ ಮಕ್ಕಳಿಗೆ ಪಾಪವಿಲ್ಲ, ಅವು ದೇವರ ಬಳಿ ಬದುಕಿಯೇ ಇರುತ್ತವೆ ಎನ್ನುವ ಪುಟದ ಅಂಚು ಅಣ್ಣನ ಬೆರಳಿನ ಎಣ್ಣೆಗೆ ಕಪ್ಪಾಗಿತ್ತು.

ನಮ್ಮ ಯಜಮಾನರಿಗೆ ಪುರಾತತ್ವ ಇಲಾಖೆಯಲ್ಲಿ ಕೆಲಸ. ಅಣ್ಣ ಬಂದು ಕೂತದ್ದೇ, ಎಲೆ ಹಾಕುವ ಮೊದಲೇ ಇಬ್ಬರಿಗೂ ಆ ಗ್ರಂಥದ ಚರ್ಚೆ ಶುರುವಾಯಿತು.

“ಭಾವ, ನಿಮ್ಮ ಪುಸ್ತಕದಲ್ಲಿ ಯೇಸು ಕಾಲದ ಅಮೆರಿಕದಲ್ಲಿ ಕುದುರೆ, ರಥ, ಉಕ್ಕಿನ ಕತ್ತಿ ಅಂತ ಬರ್ದಿದಾರಲ್ಲ, ಆ ಕಾಲದ್ದು ಒಂದು ಕುದುರೆ ಮೂಳೆ ತೋರ್ಸಿ. ಒಂದು ಕುಲುಮೆ ತೋರ್ಸಿ.”

“ಇನ್ನೂ ಅಗೆದಿಲ್ಲ ಕಣ್ರೀ,” ಎಂದ ಅಣ್ಣ. “ಇಲ್ಲೇ ಚಿಕ್ಕಜಾಲದಲ್ಲಿ ಅಷ್ಟು ಹಳೇ ಕಲ್ಲು ಸಮಾಧಿ ಇದೆ ಅಂತ ಹೊಲ ಉಳೋರಿಗೆ ಗೊತ್ತಿತ್ತಾ?”

“ಅಲ್ಲಿ ಮಡಕೆ ಸಿಕ್ತಲ್ಲ! ನಿಮ್ಮ ಪುಸ್ತಕದಲ್ಲಿ ಲಕ್ಷಗಟ್ಟಲೆ ಜನ ಯುದ್ಧದಲ್ಲಿ ಸತ್ರಂತೆ, ಒಂದು ಚೂರು ಕಬ್ಬಿಣಾನೂ ಇಲ್ಲ. ಅದನ್ನ ಮೊದಲು ಬರೆದಿದ್ದ ಚಿನ್ನದ ಹಾಳೆ ಎಲ್ಲಿ ಅಂದ್ರೆ ದೇವದೂತ ವಾಪಸ್ ತಗೊಂಡ್ಹೋದನಂತೆ. ನಮ್ಮ ಸಾಹೇಬ್ರ ಮುಂದೆ ನಾನ್ ಹಂಗಂದ್ರೆ ಸಂಜೆಗೇ ಮನೆಗೆ ಕಳಿಸ್ತಾರೆ!”

ಅಣ್ಣನೂ ನಕ್ಕ. ನಕ್ಕಾದ ಮೇಲೆ ಅಂಗೈ ನೋಡಿಕೊಂಡು ಕೇಳಿದ: “ಕುದುರೆ ಸುಳ್ಳಾದ್ರೆ, ಮಗೂನೂ ಸುಳ್ಳಾ?”

ಇವರ ಮುಖ ಇಳಿದುಹೋಯಿತು. “ಅಯ್ಯೋ, ಅದಲ್ಲ ಭಾವ… ಅದಕ್ಕೂ ಇದಕ್ಕೂ…” ಎಂದವರು ನನ್ನತ್ತ ನೋಡಿದರು.

“ಸಾರು ಆರ್ತಿದೆ, ಏಳಿ,” ಎಂದೆ.

ಹಿತಕಿದ ಬೇಳೆ ಸಾರನ್ನು ಇನ್ನೊಂದು ಸಲ ಬಡಿಸಿಕೊಳ್ಳದೆ ಏಳದ ಅಣ್ಣ ಅಂದು ನಾಲ್ಕು ತುತ್ತಿಗೇ ಎಲೆ ಮಡಚಿದ. “ಬರ್ತೀನಮ್ಮ,” ಎಂದು ಬಿಸಿಲಲ್ಲೇ ಹೊರಟ. ಇವರು ಬರಿಗಾಲಲ್ಲಿ ಗೇಟಿನವರೆಗೆ ಹೋಗಿ, “ಮುಂದಿನ ವಾರ ಬರ್ಬೇಕು ಭಾವ,” ಎಂದರು. ಅವನು ತಲೆಯಾಡಿಸಿದ.

ಸಂಜೆ ಪಕ್ಕದ ಮನೆಯಾಕೆ ಪೇಟೆಯಿಂದ ಬಂದವರು, ಒಣಗಿದ ಬಟ್ಟೆ ತೆಗೆಯುತ್ತ ಕಾಂಪೌಂಡಿನಾಚೆಯಿಂದ ಹೇಳಿದರು:

“ನಿಮ್ಮಣ್ಣ ಇನ್ನೂ ಬಸ್ ಸ್ಟ್ಯಾಂಡಲ್ಲೇ ಕೂತಿದಾರೆ ಕಣ್ರೀ. ಬಸ್ ಬಂತಲ್ಲ, ಹತ್ತಿ ಅಂತ ನಾನಂದ್ರೆ, ಹೋಗ್ಲಿ ಬಿಡಿ, ಮನೇಲಿ ಕಾಯೋರು ಯಾರಿದಾರೆ ಅಂತಾರೆ. ಪುಣ್ಯವಂತರಪ್ಪ, ನಮಗೆಲ್ಲಿದೆ ಅಂಥ ಪುರುಸೊತ್ತು!”